ಮಲ್ಕಮ್ಮನ ಎರಡು ನಿಮಿಷದ ಅಳು

ತಾನು ಒಳ್ಳೆಯವಳೋ ಕೆಟ್ಟವಳೋ ಎಂಬ ಪ್ರಶ್ನೆ ಮಲ್ಕಮ್ಮನಿಗೆ ನಲವತ್ತೆಂಟು ವರ್ಷ ಬಂದಿರಲಿಲ್ಲ. ಬರುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಮಾದನಹಿಪ್ಪರಗಾದಲ್ಲಿ ಅವಳು ಹದಿನೇಳು ವರ್ಷದಿಂದ ಆಶಾ ಕಾರ್ಯಕರ್ತೆ. ತನ್ನ ಪಾಲಿನ ಮೂರು ಓಣಿಗಳಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರ ಕೂಸಿಗೆ ಯಾವ ಸೂಜಿ ಬಾಕಿ, ಯಾವ ಅತ್ತೆ ಸೊಸೆಯ ಕಬ್ಬಿಣದ ಗುಳಿಗೆಯನ್ನು ಗೂಡಿನಲ್ಲಿ ಬಚ್ಚಿಟ್ಟಿದ್ದಾಳೆ, ಎಲ್ಲ ಅವಳಿಗೆ ಬಾಯಿಪಾಠ. ಆ ಪ್ರಶ್ನೆ ಅವಳಿಗೆ ಬಂದದ್ದು ಅಕ್ಕನ ಮಗ ಅಜಯಕುಮಾರನಿಂದ. ಅವನಿಗೆ ಬಂದದ್ದು ಅಮೆರಿಕದಿಂದ. ಅಮೆರಿಕಕ್ಕೆ ಬಂದದ್ದು ಬ್ರಿಟನ್ನಿನಿಂದ. ಇಷ್ಟು ದೂರ ಸುತ್ತಿಕೊಂಡು ಬಂದ ಪ್ರಶ್ನೆ ಸಲೀಸಾದದ್ದಾಗಿರುವುದಿಲ್ಲ ಎಂದು ಅವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಜಯಕುಮಾರ ಆಳಂದದಲ್ಲಿ ಮದುವೆ ಶೂಟಿಂಗ್ ಮಾಡುವವನು. ಲಗ್ನಗಳಿಲ್ಲದ ತಿಂಗಳಲ್ಲಿ ಅವನಿಗೆ ಕೈ ಕಡಿಯುತ್ತದೆ. ಅಂಥ ಒಂದು ತಿಂಗಳಲ್ಲಿ ಹಿಂದಿಗೆ ಡಬ್ ಆದ ಅಮೆರಿಕದ ಸೀರಿಯಲ್ ಒಂದನ್ನು ಮೊಬೈಲಿನಲ್ಲಿ ನೋಡಿದ. ಒಂದು ಔಷಧ ಕಂಪನಿ, ಅದರ ಹಿಂದೆ ಭಾರಿ ಪಿತೂರಿ, ಆ ಪಿತೂರಿಯ ಬೆನ್ನು ಹತ್ತಿದ ಕೆಲವು ಹುಡುಗರು, ಮತ್ತು ಕಂಪನಿಯ ಔಷಧ ಹೊತ್ತು ಮನೆಮನೆಗೆ ಹೋಗುವ ಒಬ್ಬ ನರ್ಸು. ಎಂಟು ಭಾಗಗಳನ್ನೂ ಎರಡು ದಿನದಲ್ಲಿ ಮುಗಿಸಿ ಎದ್ದ ಮೇಲೆ, ಕ್ಯಾಮೆರಾ ಹಿಡಿಯುವ ಗೆಳೆಯ ಮಸೂದ ಹೇಳಿದ, ಇದು ಅಸಲಿ ಮಾಲಲ್ಲ, ಬ್ರಿಟನ್ನಿನವರು ಮೊದಲೇ ತೆಗೆದದ್ದನ್ನು ಅಮೆರಿಕದವರು ಹೊಸದಾಗಿ ತೆಗೆದಿದ್ದಾರೆ ಎಂದು. ಅಜಯಕುಮಾರ ಅದನ್ನೂ ಹುಡುಕಿ ನೋಡಿದ. ಕಥೆ ಅದೇ, ನರ್ಸಿನ ಪಾತ್ರವೂ ಅದೇ, ಕೊನೆ ಮಾತ್ರ ತಿರುವುಮುರುವು. ಅಲ್ಲಿಂದ ಅವನ ತಲೆಯೂ ತಿರುವುಮುರುವಾಯಿತು. ಮರುದಿನ ಬಸ್ಸು ಹಿಡಿದು ಮಾದನಹಿಪ್ಪರಗಾಕ್ಕೆ ಬಂದು ಚಿಕ್ಕಮ್ಮನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

"ಮೌಶಿ, ಬ್ರಿಟನ್‌ದವ್ರು ಮಾಡ್ಯಾರ, ಅಮೆರಿಕಾದವ್ರು ಮಾಡ್ಯಾರ. ಆಳಂದ ತಾಲೂಕದವ್ರು ಮಾಡೋದು ಒಂದ ಬಾಕಿ ಅದ," ಎಂದ. "ಹೆಸರೂ ಇಟ್ಟೇನಿ. 'ನೀಲಿ ಡಬ್ಬಿ' ಅಂತ."

"ಅದರಾಗ ನಾ ಏನ ಮಾಡಬೇಕು?"

"ಏನೂ ಮಾಡೋದ ಬ್ಯಾಡ. ದಿನಾ ಮಾಡೋದೇ ಮಾಡು. ಡಬ್ಬಿ ಹೊತ್ಕೊಂಡು ನಡಿ. ಒಂದ ಕಡಿ ಕುಂತು ಎರಡ ನಿಮಿಷ ಅಳು."

ಮಲ್ಕಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಆ ನರ್ಸು ಒಳ್ಳೆಕಿನೋ, ಕೆಟ್ಟಾಕಿನೋ?"

"ಬ್ರಿಟನ್‌ದಾಗ ಒಳ್ಳೆಕಿ. ಡಬ್ಬ್ಯಾಗ ಏನದ ಅಂತ ಆಕಿಗಿ ಗೊತ್ತೇ ಇರಂಗಿಲ್ಲ, ಗೊತ್ತಾದ ದಿನ ಅಳಕೋತ ಎಲ್ಲಾರಿಗಿ ಹೇಳಿಬಿಡ್ತಾಳ. ಅಮೆರಿಕಾದಾಗ ಆಕಿ ಕಂಪನಿ ಮಂದಿನೇ. ಎಲ್ಲಾ ಗೊತ್ತಿದ್ದೇ ಮಾಡ್ತಾಳ. ಅಳೋದೂ ನಾಟಕ."

"ನಮ್ಮದರಾಗ?"

"ಅದು ಐದನೇ ಎಪಿಸೋಡಿನಾಗ ಗೊತ್ತಾಗ್ತದ. ಇನ್ನಾ ಬರದಿಲ್ಲ."

"ಮತ್ತ ಈಗ ಹೆಂಗ ಅಳ್ಲಿ? ಒಳ್ಳೆಕಿ ಹಂಗೋ ಕೆಟ್ಟಾಕಿ ಹಂಗೋ?"

ಅಜಯಕುಮಾರ ಗಂಭೀರವಾಗಿ ಯೋಚಿಸಿ ಹೇಳಿದ. "ನಡುವಿನ ಹಂಗ ಅಳು, ಮೌಶಿ."

ನಡುವಿನ ಹಾಗೆ ಅಳುವುದು ಎಂದರೆ ಹೇಗೆಂದು ದೇವರಾಣೆಗೂ ಅವಳಿಗೆ ತಿಳಿಯಲಿಲ್ಲ. ಆದರೂ ಒಪ್ಪಿದಳು. ಹದಿನೇಳು ವರ್ಷ ಬಾಗಿಲಲ್ಲಿ ನಿಂತು ಮಾತಾಡಿದ್ದಾಳೆ, ಒಬ್ಬರಾದರೂ ಪೂರ್ತಿ ಕೇಳಿದ್ದುಂಟೆ? ಒಬ್ಬಳು ಒಲೆಯ ಕಡೆ ನೋಡುತ್ತಾಳೆ, ಒಬ್ಬಳು ಎಮ್ಮೆಯ ಕಡೆ. ಎರಡು ನಿಮಿಷ ಎಲ್ಲರೂ ಸುಮ್ಮನೆ ತನ್ನ ಮುಖ ನೋಡುತ್ತಾರೆ ಎಂಬುದು ಅವಳಿಗೆ ಆಸೆ ಹುಟ್ಟಿಸಿತು. ಆಸೆ ಎಂದು ಅವಳು ಒಪ್ಪಲಿಕ್ಕಿಲ್ಲ, ಹುಡುಗನಿಗೆ ಬೇಸರವಾಗಬಾರದೆಂದು ಹೋದೆ ಎನ್ನುತ್ತಾಳೆ.

ಶೂಟಿಂಗು ಅಫಜಲಪುರದ ಆಚೆ, ಭೀಮಾ ನದಿಯ ದಂಡೆಯಲ್ಲಿ. ಕಥೆಯ ನರ್ಸಿನ ಹೆಸರು ಶಾರದಾಬಾಯಿ ಎಂದಿತ್ತು. ಆದರೆ ದೂರದಿಂದ "ಶಾರದಾಬಾಯಿ" ಎಂದು ಕರೆದರೆ ಇವಳು ತಿರುಗಿಯೇ ನೋಡಲಿಲ್ಲ. ಮೂರು ಸಲ ಕರೆದು ಸುಸ್ತಾಗಿ, ಮಲ್ಕಮ್ಮ ಅಂತಲೇ ಇರಲಿ ಎಂದರು. ಬೇರೆ ಸೀರೆ ತಂದಿರಲಿಲ್ಲವಾದ್ದರಿಂದ ಅವಳ ಗುಲಾಬಿ ಬಣ್ಣದ ಯೂನಿಫಾರ್ಮ್ ಸೀರೆಯೇ ಆಯಿತು. ಡಬ್ಬಿ ಮಾತ್ರ ಸುಳ್ಳಿನದು, ಥರ್ಮಾಕೋಲಿನ ಪೆಟ್ಟಿಗೆಗೆ ನೀಲಿ ಬಣ್ಣ ಬಳಿದದ್ದು. ಸರಕಾರಿ ಲಸಿಕೆ ಡಬ್ಬಿಯನ್ನು ಇಂಥದ್ದಕ್ಕೆಲ್ಲ ಮುಟ್ಟಗೊಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ತನ್ನ ಮುಖ, ತನ್ನ ಸೀರೆ, ತನ್ನ ಹೆಸರು ಮೂರನ್ನೂ ಕೊಟ್ಟುಬಿಟ್ಟವಳು ಡಬ್ಬಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಏನರ ದುಃಖದ್ದು ನೆನಸ್ಕೋ, ಮೌಶಿ," ಎಂದ ಅಜಯಕುಮಾರ. ನೆನೆಸಿಕೊಂಡಳು. ಮಸೂದನ ಕ್ಯಾಮೆರಾ ನೋಡುತ್ತ ಹೇಳಿಕೊಟ್ಟ ಮಾತು ಹೇಳಿದಳು.

"ಹದಿನೇಳು ವರ್ಷ ಈ ಡಬ್ಬಿ ಹೊತ್ತೇನಿ. ನಿಮ್ಮ ಕೂಸುಗಳ ಬಾಯಾಗ ನನ್ನ ಕೈಲೇ ಹಾಕೇನಿ. ಒಳಗ ಏನದ ಅಂತ ಒಂದ ದಿನಾನೂ ಕೇಳ್ಲಿಲ್ಲ. ಇವತ್ತ ಗೊತ್ತಾತು. ಇದು ಔಷಧ ಅಲ್ಲ. ನನಗ ಮಾಫ್ ಮಾಡ್ರಿ."

ಅತ್ತಳು. ಎರಡು ನಿಮಿಷ ಎಂದಿದ್ದರು, ಅಳು ಹತ್ತು ನಿಮಿಷ ನಿಲ್ಲಲಿಲ್ಲ. ಮಸೂದ ಕ್ಯಾಮೆರಾ ಇಳಿಸಿ ನೀರು ತಂದುಕೊಟ್ಟ.

ಆಮೇಲೆ ಲಗ್ನದ ಸೀಜನ್ ಬಂತು. ಮಸೂದ ಪೂನಾ ಕಡೆಯ ಮದುವೆಗಳಿಗೆ ಹೋದ. ಕಂಪನಿಯ ಮಾಲಕನ ಪಾತ್ರ ಮಾಡುತ್ತಿದ್ದ ಗುರುಶಾಂತ, ತನ್ನನ್ನು ಎರಡನೇ ಎಪಿಸೋಡಿನಲ್ಲೇ ಸಾಯಿಸುತ್ತಾರೆ ಎಂದು ತಿಳಿದು ತನ್ನ ಜೀಪಿನೊಂದಿಗೆ ಮನೆಗೆ ಹೊರಟುಹೋದ. ಐದನೇ ಎಪಿಸೋಡಿನ ಮಾತು ಹಾಗಿರಲಿ, ಎರಡನೆಯದೂ ಆಗಲಿಲ್ಲ. ಮಾಡಿದ್ದು ಹಾಳಾಗಬಾರದೆಂದು ಅಜಯಕುಮಾರ ಚಿಕ್ಕಮ್ಮನ ಅಳುವನ್ನು ಮಾತ್ರ ಕತ್ತರಿಸಿ, ಮೊದಲಿಗೆ 'ನೀಲಿ ಡಬ್ಬಿ' ಎಂದು ಹೆಸರು ಹಾಕಿ, ಮೊಬೈಲಿನಲ್ಲಿ ಬಿಟ್ಟ. ಯಾವ ಪುಣ್ಯಾತ್ಮನೋ ಆ ಹೆಸರನ್ನು ಕತ್ತರಿಸಿ ಉಳಿದದ್ದನ್ನು ವಾಟ್ಸಪ್ಪಿಗೆ ಹಾಕಿದ.

ಇದೆಲ್ಲ ಮಲ್ಕಮ್ಮನಿಗೆ ತಿಳಿದದ್ದು ಪೋಲಿಯೊ ಭಾನುವಾರ. ಶಾಲೆಯ ಕಟ್ಟೆಯ ಮೇಲೆ ಮೇಜು ಹಾಕಿ, ಬ್ಯಾನರ್ ಕಟ್ಟಿ ಕೂತಿದ್ದಳು. ಬೇರೆ ವರ್ಷ ಒಂಬತ್ತು ಗಂಟೆಗೇ ಸಾಲು ಮಾವಿನ ಗಿಡದ ತನಕ ಹೋಗುತ್ತಿತ್ತು. ಈ ಸಲ ಹನ್ನೊಂದಾದರೂ ಬಂದದ್ದು ಆರು ಮಕ್ಕಳು, ಅದರಲ್ಲಿ ಎರಡು ಮಾಸ್ತರರವು. ಸಂತೆಯೇ ಏನೋ, ಎಲ್ಲಾದರೂ ಸಾವಾಗಿದೆಯೇ ಏನೋ ಎಂದು ತಲೆ ಕೆರೆದುಕೊಂಡಳು. ಎದುರಿನ ಹೋಟೆಲಿನ ಮಹಾದೇವಪ್ಪ ಚಹಾ ತಂದಿಟ್ಟು, ಅವಳ ಮುಖವನ್ನೇ ಒಂದು ಥರ ಮರುಕದಿಂದ ನೋಡಿದ.

"ಭಾಳ ಧೈರ್ಯ ಮಾಡಿದಿ ಬಿಡವ್ವ," ಎಂದ.

"ಎದಕ್ಕ?"

ಅವನು ಮೊಬೈಲು ತೋರಿಸಿದ. ಅದರಲ್ಲಿ ಅವಳೇ ನದಿಯ ದಂಡೆಯಲ್ಲಿ ಕೂತು ಅಳುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದರು, ಸತ್ಯ ಬಾಯಿಬಿಟ್ಟ ಆಶಾ ಕಾರ್ಯಕರ್ತೆ.

ಮಲ್ಕಮ್ಮ ಮೊದಲು ತನ್ನ ಅಳು ಚೆನ್ನಾಗಿ ಬಂದಿದೆ ಎಂದುಕೊಂಡಳು. ಆಮೇಲೆ ಖಾಲಿ ಕಟ್ಟೆ ನೋಡಿದಳು. ಅಷ್ಟರಲ್ಲಿ ಜೇವರ್ಗಿಯಿಂದ ನಾದಿನಿಯ ಫೋನು. "ವೈನಿ, ನಮ್ಮ ಓಣ್ಯಾಗ ಎಲ್ಲಾರೂ ನಿನ್ನೇ ನೋಡಾಕತ್ತಾರ. ನಾ ನಮ್ಮ ವೈನಿ ಅಂತ ಹೇಳೇನಿ. ಹೇಳಬಹುದೋ, ಹೇಳಬಾರದೋ?" ಎಂದಳು. ಮಲ್ಕಮ್ಮ ಫೋನು ಇಟ್ಟಳು.

ಮಧ್ಯಾಹ್ನ ಆರೋಗ್ಯ ಕೇಂದ್ರದ ಸಿಸ್ಟರ್ ವಿದ್ಯಾವತಿ ಸ್ಕೂಟಿ ಹತ್ತಿ ಬಂದಳು. ಬೈಯುತ್ತಾಳೆಂದು ಇವಳು ತಲೆ ತಗ್ಗಿಸಿದಳು. ವಿದ್ಯಾವತಿ ಬೈಯಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಮೆಲ್ಲಗೆ ಕೇಳಿದಳು. "ಮಲ್ಕಮ್ಮ, ನನ್ನ ಮುಂದಾದರೂ ಖರೆ ಹೇಳು. ಯಾರರ ರೊಕ್ಕ ಕೊಟ್ಟು ಹೇಳಿಸ್ಯಾರೇನು?"

"ನಮ್ಮ ಅಜಯ ಹೇಳಿಸ್ಯಾನ್ರಿ ಸಿಸ್ಟರ್. ಸೀರಿಯಲ್‌ರೀ ಅದು. ಅಮೆರಿಕಾದ್ದು. ಅಮೆರಿಕಾದ್ದಲ್ಲ, ಬ್ರಿಟನ್‌ದು. ಅಂದ್ರ ಅವರದು ನೋಡಿ ಇವರು ಮಾಡ್ಯಾರ, ಇವರದು ನೋಡಿ ಇಂವ..."

ಹೇಳುತ್ತ ಹೇಳುತ್ತ ಅವಳಿಗೇ ತಾನು ಏನೋ ಮುಚ್ಚಿಡುತ್ತಿದ್ದೇನೆ ಅನ್ನಿಸತೊಡಗಿತು. ವಿದ್ಯಾವತಿ ಹಣೆ ಒತ್ತಿಕೊಂಡಳು. ಮೂರು ದಿನ ಮನೆಮನೆಗೆ ಹೋಗುವುದಿದೆ, ಬುಧವಾರ ಸಂಜೆಯೊಳಗೆ ಬಿಟ್ಟುಹೋದ ಮಕ್ಕಳಿಗೆಲ್ಲ ಹನಿ ಬೀಳಬೇಕು, ಬೀಳದಿದ್ದರೆ ಈ ಓಣಿಗಳಿಗೆ ಬೇರೆ ಆಶಾಳನ್ನು ನೋಡಬೇಕಾಗುತ್ತದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು.

ಅಂದೇ ಸಂಜೆ ಅಜಯಕುಮಾರ ಓಡಿಬಂದ. ಅವನ ಮುಖ ಬಾಡಿತ್ತು. ಹುಡುಗ ಕೆಟ್ಟವನಲ್ಲ, ಬರೀ ಎಡವಟ್ಟು. ವಿಡಿಯೊದಿಂದ ಆದದ್ದನ್ನು ವಿಡಿಯೊದಿಂದಲೇ ಸರಿಮಾಡುತ್ತೇನೆ ಎಂದ.

"ಇದು ನಾಟಕ ಅಂತ ಹೇಳು, ಮೌಶಿ. ಕಣ್ಣಾಗ ಗ್ಲಿಸರಿನ್ ಹಾಕಿದ್ರು ಅಂತ ಹೇಳು. ಮುಗೀತು."

"ಗ್ಲಿಸರಿನ್ ಎಲ್ಲಿ ಹಾಕಿದ್ಯೋ?"

"ಹಾಕಿಲ್ಲ. ಆದ್ರ ಅದ ಹೇಳಿದ್ರನೇ ಮಂದಿ ನಂಬ್ತಾರ. ಖರೆ ಅತ್ತೇನಿ ಅಂದಿ ಅಂದ್ರ, ಎದಕ್ಕ ಅತ್ತಿ ಅಂತ ಕೇಳ್ತಾರ."

ಎದಕ್ಕ ಅತ್ತಿ. ಅದನ್ನೇ ಯಾರೂ ಕೇಳಬಾರದೆಂದು ಅವಳಿಗಿತ್ತು. ಐದು ವರ್ಷದ ಹಿಂದೆ ಅವಳದೇ ಓಣಿಯ ಯಶೋಧರಾಳಿಗೆ ಏಳು ತಿಂಗಳಿಗೇ ಬೇನೆ ಬಂದಾಗ, ಆಂಬುಲೆನ್ಸಿನಲ್ಲಿ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವಳು ಮಲ್ಕಮ್ಮನೇ. ಚೊಚ್ಚಲ ಹೆಣ್ಣು ಕೂಸು. ತಾಯಿಗೆ ಎಚ್ಚರವಿರಲಿಲ್ಲ. ಹುಟ್ಟಿ ಒಮ್ಮೆ ಅತ್ತಿತು, ಡಾಕ್ಟರರು ಏನೇನೋ ಮಾಡಿದರು, ಆಮೇಲೆ ಟವೆಲಿನಲ್ಲಿ ಸುತ್ತಿ ಮಲ್ಕಮ್ಮನ ಕೈಗೆ ಕೊಟ್ಟರು. ಅವಳ ಕೈಯಲ್ಲೇ ಸ್ವಲ್ಪ ಹೊತ್ತು ಉಸಿರಾಡಿ ಸುಮ್ಮನಾಯಿತು. ಎಚ್ಚರವಾದ ಯಶೋಧರಾ ಕೇಳಿದಾಗ ಅವಳು ಒಂದು ಸುಳ್ಳು ಹೇಳಿದಳು, ಕೂಸು ಅಳಲೇ ಇಲ್ಲವ್ವ, ಹೊಟ್ಟ್ಯಾಗೇ ಹೋಗಿತ್ತು, ಅದಕ್ಕ ಏನೂ ತ್ರಾಸ ಆಗಿಲ್ಲ ಎಂದು. ಇಪ್ಪತ್ತೊಂದು ವರ್ಷದ ಹುಡುಗಿ ಆ ಅಳುವನ್ನು ಜನ್ಮಪೂರ್ತಿ ಕಿವಿಯಲ್ಲಿ ಇಟ್ಟುಕೊಂಡು ಬದುಕುವುದು ಬೇಡ ಅನ್ನಿಸಿತ್ತು. ಇನ್ನೊಂದೂ ಇತ್ತು. ದವಾಖಾನೆಗೆ ಹೋಗಿಯೂ ಜೀವಂತ ಹುಟ್ಟಿದ ಕೂಸು ಸತ್ತಿತೆಂದರೆ ಓಣಿಯ ಮಂದಿ ಮುಂದೆ ಯಾರೂ ದವಾಖಾನೆಗೆ ಬರುವುದಿಲ್ಲ ಎಂದು ಹೆದರಿದ್ದಳು.

ಭೀಮೆಯ ದಂಡೆಯಲ್ಲಿ ಅವಳ ಕೈಗೆ ನೆನಪಾದದ್ದು ಆ ಟವೆಲಿನ ಭಾರ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಡಬ್ಬಿಯ ಮಾತು ನಾಟಕ ಎಂದು ಸಾಬೀತಾಗುತ್ತದೆ ನಿಜ. ಜೊತೆಗೆ, ಒಂದು ಕೂಸಿನ ವಿಷಯದಲ್ಲಿ ಸುಳ್ಳು ಹೇಳಿದವಳು ಎಂಬುದೂ ಸಾಬೀತಾಗುತ್ತದೆ. ಹಿಂಗಾದರೂ ತಪ್ಪು, ಹಂಗಾದರೂ ತಪ್ಪು. ಮಲ್ಕಮ್ಮ ಪಕ್ಕದ ಗೋಡೆಯ ಕಡೆ ನೋಡುತ್ತ, ಗ್ಲಿಸರಿನ್ ಹಾಕಿದ್ರು ಎಂದು ಅಜಯಕುಮಾರನ ಮೊಬೈಲಿಗೆ ಹೇಳಿದಳು.

ಸೋಮವಾರ ಬೆಳಗಾಗುವುದರೊಳಗೆ ಅದೂ ಊರು ಸುತ್ತಿತ್ತು. ಮತ್ತು ಊರು ತೀರ್ಪು ಕೊಟ್ಟಾಗಿತ್ತು, ಮೊದಲನೆಯದು ನಿಜ, ಎರಡನೆಯದು ನಾಟಕ.

"ಹೆದರಿಸಿ ಹೇಳಿಸ್ಯಾರ, ಪಾಪ," ಎಂದು ಹೆಂಗಸರು ಅವಳನ್ನು ಒಳಗೆ ಕರೆದು ಕೂಡಿಸಿದರು. ಚಹಾ ಕೊಟ್ಟರು. ಒಬ್ಬಳು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಹದಿನೇಳು ವರ್ಷದಲ್ಲಿ ಇಂಥ ಮರ್ಯಾದೆ ಅವಳಿಗೆ ಸಿಕ್ಕಿರಲಿಲ್ಲ. ನಮ್ಮ ಸಲುವಾಗಿ ಅತ್ತಾಕಿ ಎಂದು ಬೆನ್ನು ಸವರಿದರು. ಡಬ್ಬಿ ತೆರೆಯಲು ಹೋದರೆ ಮಾತ್ರ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಮಲ್ಕಮ್ಮ ಹೋಳಿಗೆ ಹಿಡಿದುಕೊಂಡು ಹೊರಗೆ ಬಂದು, ಬಾಗಿಲ ಪಕ್ಕ ಸೀಮೆಸುಣ್ಣದಿಂದ ಗುಣಿಸು ಗುರುತು ಹಾಕಿದಳು. ಮಕ್ಕಳಿಗೆಲ್ಲ ಹನಿ ಬಿದ್ದ ಮನೆಗೆ 'ಪಿ' ಎಂದು ಬರೆಯಬೇಕು, ಬಿಟ್ಟುಹೋದ ಮನೆಗೆ ಗುಣಿಸು. ಅವಳ ಪಾಲಿನ ಗೋಡೆಗಳ ಮೇಲೆ ಇಷ್ಟು ಗುಣಿಸು ಎಂದೂ ಬಿದ್ದಿರಲಿಲ್ಲ. ತನ್ನನ್ನು ನಂಬುವ ಮನೆಗಳಿಗೆಲ್ಲ ಗುಣಿಸು ಹಾಕುತ್ತ ಹೋಗುವುದೆಂದರೆ ಏನು ಎಂದು ಅವಳು ನಡುದಾರಿಯಲ್ಲಿ ನಿಂತು ಯೋಚಿಸಿದಳು.

ಹೊಲಿಗೆಯ ಶಾಹಿದಾ ಒಬ್ಬಳು ಮಶೀನು ನಿಲ್ಲಿಸಿ ಸರಿಯಾಗಿ ವಾದಕ್ಕೇ ಕೂತಳು. ಅವಳು ಅಮೆರಿಕದ ಸೀರಿಯಲ್ಲನ್ನು ಪೂರ್ತಿ ನೋಡಿದ್ದಳು.

"ಅಕ್ಕ, ಅದರಾಗ ನರ್ಸು ಅಳೋದು ನಾಟಕ. ಅದು ನನಗೂ ಗೊತ್ತದ. ಆದ್ರ ನಿಂದು ಹಂಗಿಲ್ಲ. ಗ್ಲಿಸರಿನ್ ಹಾಕಿದ್ರ ಕಣ್ಣಾಗ ನೀರು ಬರ್ತಾವ, ಮೂಗು ಸುರಿಯಂಗಿಲ್ಲ. ನಿಂದು ಮೂಗೂ ಸುರಿದದ. ನೋಡು ಬೇಕಾದ್ರ."

ತೋರಿಸಿದಳು. ಮೂಗು ಸುರಿದದ್ದು ನಿಜವಾಗಿತ್ತು. ಶಾಹಿದಾ ಕೊನೆಗೆ, ತಡಿ, ನಮ್ಮ ಭಾಬಿಗೆ ಕೇಳಿ ನೋಡ್ತೇನಿ ಎಂದು ಮಶೀನು ತುಳಿಯತೊಡಗಿದಳು.

ಆ ರಾತ್ರಿ ಮಲ್ಕಮ್ಮ ಕನ್ನಡಿಯ ಮುಂದೆ ನಿಂತು ತನ್ನ ಮುಖ ನೋಡಿಕೊಂಡಳು. ಔಷಧದಲ್ಲಿ ಏನಿದೆ ಎಂದು ತಾನೂ ಒಂದು ದಿನವಾದರೂ ಕೇಳಿದ್ದುಂಟೆ? ತರಬೇತಿಯಲ್ಲಿ ಹೇಳಿದ್ದನ್ನು ಕೇಳಿಕೊಂಡಿದ್ದಳು, ತನ್ನ ಇಬ್ಬರು ಮಕ್ಕಳಿಗೂ ಹಾಕಿದ್ದಳು, ಅಷ್ಟೆ. ಅವಳ ತವರು ಮಟಕಿಯಲ್ಲಿ ಅವಳ ಓರಗೆಯ ಪೀರಪ್ಪ ಎಳವೆಯಲ್ಲಿ ಪೋಲಿಯೊ ಬಡಿದು ಒಂದು ಕಾಲು ಎಳೆದೇ ನಡೆಯುತ್ತಾನೆ. ಹನಿ ಬಂದ ಮೇಲೆ ಹುಟ್ಟಿದ ಮಕ್ಕಳಲ್ಲಿ ಅಂಥವರು ಇಲ್ಲ. ಕಣ್ಣಿಂದ ಕಂಡದ್ದು ಅಷ್ಟು. ಹಾಗಿದ್ದೂ, ಭೀಮೆಯ ದಂಡೆಯಲ್ಲಿ ಕೂತ ಆ ಹೆಂಗಸು ಎಷ್ಟು ನಂಬಿಕೆಯಿಂದ ಹೇಳುತ್ತಾಳೆಂದರೆ, ಇವಳಿಗೂ ಒಂದು ಕ್ಷಣ ಡಬ್ಬಿಯ ಕಡೆ ನೋಡಿ ಅಳುಕಾಯಿತು. ತನ್ನ ಮಾತಿಗೆ ತಾನೇ ಮೋಸಹೋಗುವಷ್ಟು ಪೆದ್ದಿಯೇ ತಾನು ಎಂದು ಸಿಟ್ಟೂ ಬಂತು.

ಮಂಗಳವಾರ ಬೈದು, ಕೈಮುಗಿದು, ಆಣೆ ಇಟ್ಟು ಅರ್ಧ ಮನೆಗಳನ್ನು ದಾರಿಗೆ ತಂದಳು. ಶಾಹಿದಾಳ ಭಾಬಿ ಹೂಂ ಎಂದಿದ್ದರಿಂದ ಆ ಓಣಿ ಪೂರ್ತಿ 'ಪಿ' ಆಯಿತು. ಬುಧವಾರ ಮಧ್ಯಾಹ್ನಕ್ಕೆ ಉಳಿದದ್ದು ಅವಳ ಸ್ವಂತ ಓಣಿಯ ಹನ್ನೊಂದು ಮನೆ. ಅದರಲ್ಲಿ ಹತ್ತು ಮನೆಯವರು ಹೇಳಿದ್ದು ಒಂದೇ ಮಾತು, ಯಶೋಧರಾ ಹಾಕಿಸಿದರೆ ನಾವೂ ಹಾಕಿಸುತ್ತೇವೆ. ಯಶೋಧರಾ ಪಿಯುಸಿ ಕಲಿತವಳು, ಮಹಿಳಾ ಸಂಘದಲ್ಲಿ ಎದ್ದು ನಿಂತು ಮಾತಾಡುವವಳು. ಅವಳಿಗೆ ಎಂಟು ತಿಂಗಳ ಮಗಳು, ಪಂಚಶೀಲಾ. ಮೂರು ದಿನದಿಂದ ಮಲ್ಕಮ್ಮ ಬೇರೆಲ್ಲ ಮನೆ ಸುತ್ತಿದ್ದಳು, ಆ ಮನೆಯೊಂದರ ಮುಂದೆ ಮಾತ್ರ ಬೇಗ ಬೇಗ ದಾಟಿಹೋಗಿದ್ದಳು.

ಇನ್ನು ದಾಟಲು ಜಾಗವಿರಲಿಲ್ಲ. ಹೋದಳು. ಅಂಗಳದಲ್ಲಿ ಯಶೋಧರಾಳ ಅತ್ತೆ ರುಕ್ಮಿಣಿಬಾಯಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಯಶೋಧರಾ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು, ಇವಳ ದಾರಿಯನ್ನೇ ಕಾಯುತ್ತಿದ್ದಂತೆ.

"ಬಾ ಅಕ್ಕ. ಎರಡೂ ವಿಡಿಯೊ ನೋಡೇನಿ," ಎಂದಳು. "ನೀ ಸುಳ್ಳ ಹೇಳೋ ಮುಂದ ಮಂದಿ ಮಾರಿ ನೋಡಂಗಿಲ್ಲ, ಗ್ವಾಡಿ ನೋಡ್ತಿ. ಗ್ಲಿಸರಿನ್ ಅನ್ನೋ ಮುಂದ ಗ್ವಾಡಿ ಕಡಿ ನೋಡಿದಿ. ನದಿ ದಂಡಿ ಮ್ಯಾಲ ನೆಟ್ಟಗ ನೋಡಿದಿ."

"ಅದು ಕ್ಯಾಮೆರಾ ಅವ್ವ. ಅದನ್ನ ನೋಡು ಅಂದಿದ್ದ ಅಜಯ."

"ಮಾತು ಅಂವ ಹೇಳಿಕೊಟ್ಟಾನ. ಅಳೂ ಅವನೇ ಕೊಟ್ಟನೇನು?"

ಮಲ್ಕಮ್ಮ ಡಬ್ಬಿ ಕೆಳಗಿಟ್ಟಳು.

"ನನಗ ಔಷಧದ ಹೆದರಿಕಿ ಇಲ್ಲ, ಅಕ್ಕ," ಎಂದಳು ಯಶೋಧರಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇಕಿ ಹೊಟ್ಟ್ಯಾಗ ಇದ್ದಾಗಿಂದ ನೀ ಉಣ್ಣು ಅಂದಿದ್ದು ಉಂಡೇನಿ, ನುಂಗು ಅಂದಿದ್ದು ನುಂಗೇನಿ. ಈಗ ನಿಂದೇ ಹೆದರಿಕಿ ಬಂದದ. ಆ ಅಳು ಎಲ್ಲಿಂದ ಬಂತು, ಅಷ್ಟು ಹೇಳು. ಹೇಳಿದಿ ಅಂದ್ರ ಕೂಸಿನ ಬಾಯಿ ನಾನೇ ತೆಗಸ್ತೇನಿ. ಇಲ್ಲಾ, ಗುಣಿಸು ಹಾಕಿ ಹೋಗು."

ಹೇಳಲು ಬೇಕಾದಷ್ಟಿತ್ತು. ಸತ್ತ ತಾಯಿಯನ್ನು ನೆನೆಸಿಕೊಂಡೆ ಎನ್ನಬಹುದಿತ್ತು, ಸತ್ತ ಗಂಡನನ್ನು ನೆನೆಸಿಕೊಂಡೆ ಎನ್ನಬಹುದಿತ್ತು, ಯಾರು ಬೇಡ ಅನ್ನುತ್ತಿದ್ದರು? "ನಮ್ಮವ್ವ..." ಎಂದು ಶುರು ಮಾಡಿಯೂಬಿಟ್ಟಳು. ಅಷ್ಟರಲ್ಲಿ ತನ್ನ ಕಣ್ಣು ಗೋಡೆಯ ಕಡೆ ಹೊರಟದ್ದು ಅವಳಿಗೇ ಗೊತ್ತಾಯಿತು. ಐದು ವರ್ಷದ ಹಿಂದೆ ದವಾಖಾನೆಯಲ್ಲೂ ಹೀಗೇ ಗೋಡೆ ನೋಡಿದ್ದೆನೇ, ಈ ಹುಡುಗಿ ಅದನ್ನೂ ಕಂಡಿದ್ದಳೇ ಎಂದು ದಿಗಿಲಾಯಿತು. ಎದುರಿನಲ್ಲಿ ಪಂಚಶೀಲಾ ಡಬ್ಬಿಯ ಪಟ್ಟಿ ಹಿಡಿದು ಎಳೆಯುತ್ತಿತ್ತು. ಈ ಕೂಸಿಗೆ ಹನಿ ಬೀಳದೆ ಹೋದರೆ ಅದು ಯಾವ ಕಂಪನಿಯ ಪಿತೂರಿಯೂ ಅಲ್ಲ, ತನ್ನ ಒಂದು ಸುಳ್ಳಿನ ಕೆಲಸ. ಅಷ್ಟು ಮಾತ್ರ ಈ ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಸ್ಪಷ್ಟವಾಗಿ ಕಂಡಿತು.

ಮಲ್ಕಮ್ಮ ಯಶೋಧರಾಳ ಮುಖ ನೋಡಿದಳು.

"ನಿನ್ನ ಮೊದಲಿನ ಕೂಸು ನೆನಪಾತು," ಎಂದಳು. "ಅದರ ಸಲುವಾಗಿ ಅತ್ತೆ."

ಯಶೋಧರಾ ಮಗಳ ಕೈಯನ್ನು ಡಬ್ಬಿಯ ಪಟ್ಟಿಯಿಂದ ಬಿಡಿಸಿದಳು.

"ಅವತ್ತ ನಿನಗ ಸುಳ್ಳ ಹೇಳೇನಿ. ಹೊಟ್ಟ್ಯಾಗೇ ಹೋಗಿತ್ತು ಅಂದೆ. ಹೋಗಿದ್ದಿಲ್ಲ. ಹುಟ್ಟಿ ಅತ್ತಿತ್ತು. ಒಮ್ಮೆ ಅತ್ತಿತ್ತು. ಆಮ್ಯಾಲ ನನ್ನ ಕೈಯಾಗ ಕೊಟ್ರು. ನನ್ನ ಕೈಯಾಗೇ ಹೋತು. ನಿನಗ ತಡಕೊಳ್ಳಾಕ ಆಗಂಗಿಲ್ಲ ಅಂತ ಹೇಳ್ಲಿಲ್ಲ. ದವಾಖಾನಿಗಿ ಮಂದಿ ಬರೋದು ಬಿಡ್ತಾರ ಅಂತಾನೂ ಹೇಳ್ಲಿಲ್ಲ. ಎರಡೂ ಖರೆ."

ಬೇಳೆ ಆರಿಸುವ ಸಪ್ಪಳ ನಿಂತಿತ್ತು. ಮಲ್ಕಮ್ಮ ಬೈಗುಳ ಕಾಯುತ್ತ ನಿಂತಳು. ಬಾಗಿಲು ಹಾಕಿಕೊಳ್ಳಬಹುದು, ಓಣಿಯನ್ನೆಲ್ಲ ಕೂಡಿಸಬಹುದು, ಹನ್ನೊಂದು ಮನೆಯೂ ಹೋದವು ಅಂದುಕೊಂಡಳು. ಹೋಗಲಿ, ಇಷ್ಟು ದಿನ ಹೊತ್ತದ್ದನ್ನು ಇಳಿಸಿಯಾಯಿತಲ್ಲ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಹೆಂಗ ಅತ್ತಿತ್ತು?" ಎಂದಳು ಯಶೋಧರಾ.

"ಸಣ್ಣ ಧ್ವನಿ. ಬೆಕ್ಕಿನ ಮರಿ ಹಂಗ."

"ನನಗ್ಯಾಕ ಕೇಳ್ಲಿಲ್ಲ?"

"ನಿನಗ ಎಚ್ಚರ ಇದ್ದಿಲ್ಲವ್ವ."

ಯಶೋಧರಾ 'ಹೂಂ' ಎಂದಳು. ಮಗಳ ನೆತ್ತಿ ಸವರಿದಳು. ಆಮೇಲೆ ಮುಖವೆತ್ತಿ ಅಂಗಳದ ಕಡೆ ತಿರುಗಿದಳು. ಐದು ವರ್ಷದಿಂದ ಹಬ್ಬ ಬರಲಿ, ಜಗಳ ಬರಲಿ, ಸತ್ತಿದ್ದನ್ನ ಹಡೆದಾಕಿ ಎಂಬ ಮಾತು ಆ ಮನೆಯಲ್ಲಿ ಎಷ್ಟು ಸಲ ಬಂದಿತ್ತೆಂದು ಓಣಿಗೆಲ್ಲ ಗೊತ್ತು.

"ಅತ್ತಿ, ಕೇಳಿದ್ರ್ಯಾ?" ಎಂದಳು. "ನಾ ಜೀವಂತ ಕೂಸು ಹಡೆದಿದ್ದೆ."

ರುಕ್ಮಿಣಿಬಾಯಿ ಮೊರದ ಮೇಲೆ ಬಗ್ಗಿದವಳು ಬಗ್ಗಿಯೇ ಇದ್ದಳು.

ಯಶೋಧರಾ ಪಂಚಶೀಲಾಳ ಗಲ್ಲ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕೂಸು ಬಾಯಿ ತೆರೆಯಿತು. ಮಲ್ಕಮ್ಮ ಎರಡು ಹನಿ ಎಣಿಸಿ ಹಾಕಿದಳು. ಎಡಗೈ ಕಿರುಬೆರಳಿಗೆ ಮಸಿ ಹಚ್ಚಿದಳು. ಕೂಸು ಮುಖ ಕಿವುಚಿ, ಇನ್ನೇನು ಅಳಬೇಕೆಂದು ಯೋಚಿಸಿ, ಬೇಡವೆಂದು ಬೆರಳು ಚೀಪತೊಡಗಿತು.

ಇನ್ನೂ ಹತ್ತು ಮನೆ ಇದ್ದವು, ಸಂಜೆಯಾಗುತ್ತಿತ್ತು. ಮಲ್ಕಮ್ಮ ಡಬ್ಬಿ ಎತ್ತಿಕೊಂಡಳು. ಯಶೋಧರಾ ಅವಳ ಸೀರೆಯ ಸೆರಗು ಹಿಡಿದಳು.

"ಹೋಗಬ್ಯಾಡ ಅಕ್ಕ. ನೀ ಒಬ್ಬಾಕಿನೇ ನೋಡಿದಾಕಿ. ಕುಂಡ್ರು. ಅದು ಹೆಂಗಿತ್ತು ಹೇಳು."

ಮಲ್ಕಮ್ಮ ಹೊಸ್ತಿಲ ಈಚೆ ಕುಳಿತಳು. ತಲೆತುಂಬ ಕಪ್ಪು ಕೂದಲಿತ್ತು ಎಂಬಲ್ಲಿಂದ ಶುರು ಮಾಡಿದಳು.